ಬಾಗಿಲಿಲ್ಲದ ಬೀದಿಗಳು

ಆಸ್ಪತ್ರೆಯ ಡ್ರೆಸ್ಸರು ಔಷಧಿ ಪೆಟ್ಟಿಗೆಯನ್ನು ಬಗಲಲ್ಲಿ ಅವುಚಿಕೊಂಡು, ನಾನೇ ಹಗ್ಗ ಹಿಡಿದು ಹಾಕಿಸಿದ ಬೀದಿಯ ನಡುಮಧ್ಯೆ ನಿಂತು, ಬಾಗಿಲೆಲ್ಲಿ ಎಂದು ನನ್ನನ್ನು ಕೇಳಿದರು. ನನಗೂ ಅದೇ ಪ್ರಶ್ನೆ ಎದ್ದಿತ್ತು. ಎದುರಿಗೆ ಗುಡಿಸಲುಗಳ ಉದ್ದನೆಯ ಸಾಲು. ಪ್ರತಿ ಗುಡಿಸಲಿನ ಮೇಲೂ ನಾನು ಬರೆಸಿದ ನಂಬರಿನ ಹಲಗೆ. ಹಲಗೆಯ ಕೆಳಗೆ ಬಾಗಿಲು ಇರಬೇಕಾದಲ್ಲಿ ಗೋಡೆ. ಮೊನ್ನೆ ಮೊನ್ನೆ ನಾನೇ ಬಿಡಿಸಿದ್ದ ಬಾಗಿಲಿಗೆ ಯಾರೋ ಈಚಲು ಚಾಪೆ ಅಡ್ಡ ಕಟ್ಟಿ, ಹುಲ್ಲು ಹೊದಿಸಿ, ಮೇಲೆ ಸಗಣಿ ಬಳಿದುಬಿಟ್ಟಿದ್ದರು. ಒಳಗೆ ಒಂದು ಮಗು ಜ್ವರದಲ್ಲಿ ನರಳುವುದು ಕೇಳಿಸುತ್ತಿತ್ತು. ಅದರ ತಾಯಿ ಹಿಂದಗಡೆಯಿಂದ ಬನ್ನಿ ಎಂದು ಒಳಗಿನಿಂದಲೇ ಕೂಗಿದಳು.

ಹಿಂದಗಡೆಗೆ ಹೋಗುವುದೆಂದರೆ ಸಾಲಿನ ಕೊನೆಯವರೆಗೂ ನಡೆದು, ತಿರುಗಿ, ಎರಡು ಸಾಲುಗಳ ಬೆನ್ನುಗಳ ನಡುವೆ ನೀರು ಹರಿಯಲೆಂದು ಬಿಟ್ಟಿದ್ದ ಸಂದಿಯಲ್ಲಿ ತೂರಿಕೊಂಡು ಬರಬೇಕು. ಆ ಸಂದಿಯಲ್ಲಿ ಈಗ ಒಂದು ಊರೇ ಇತ್ತು. ಒಲೆಗಳು, ಸೌದೆ, ಒಣಹಾಕಿದ ಸೀರೆಗಳು, ಕಟ್ಟಿಹಾಕಿದ ಮೇಕೆಗಳು. ಮುಚ್ಚಿದ ಬಾಗಿಲುಗಳೆಲ್ಲ ಇಲ್ಲಿ ತೆರೆದುಕೊಂಡಿದ್ದವು. ಆದರೆ ನಂಬರುಗಳು ಮಾತ್ರ ಆ ಕಡೆಯೇ ಉಳಿದಿದ್ದವು. ಕೇಳುತ್ತಾ, ಎಡವುತ್ತಾ, ಒಬ್ಬಳ ಒಲೆ ತುಳಿದು ಬೈಸಿಕೊಳ್ಳುತ್ತಾ ಆ ಮಗುವನ್ನು ಮುಟ್ಟುವ ಹೊತ್ತಿಗೆ ಡ್ರೆಸ್ಸರ ಕೋಟು ಬೆವರಿನಲ್ಲಿ ಅಂಟಿಕೊಂಡಿತ್ತು. ಮಗುವಿನ ಕಂಕುಳು, ತೊಡೆಸಂದು ನೋಡಿದರು. ಪ್ಲೇಗಿನ ಗಡ್ಡೆ ಇರಲಿಲ್ಲ. ಬರೀ ಚಳಿಜ್ವರ. ನನ್ನ ಹೋದ ಜೀವ ತಿರುಗಿ ಬಂತು. ಡ್ರೆಸ್ಸರು ಮಾತ್ರ ಪೆಟ್ಟಿಗೆ ಮುಚ್ಚುತ್ತಾ, ಇವತ್ತೇನೋ ಬಚಾವು, ನಾಳೆ ನಿಜವಾದದ್ದು ಬಂದರೆ ಹೀಗೆಯೇ ಪ್ರದಕ್ಷಿಣೆ ಹಾಕುತ್ತಾ ಕೂರೋಣವೇ ಎಂದು ಕೇಳಿ ಹೊರಟುಹೋದರು.

ಇದು ಮೊಳಕಾಲ್ಮೂರಿಗೆ ಪ್ಲೇಗು ಬಂದಾಗಿನ ಮಾತು. ಹೊಸ ಶತಮಾನ ಶುರುವಾಗಿ ಕೆಲವೇ ವರ್ಷಗಳಾಗಿದ್ದವು. ನಾನು ಚಳ್ಳಕೆರೆಯ ಕಚೇರಿಯಲ್ಲಿ ಅಳತೆಯ ಕೆಲಸಕ್ಕಿದ್ದೆ. ಊರಿನಲ್ಲಿ ಇಲಿ ಬೀಳತೊಡಗಿದ ಕೂಡಲೇ ಊರು ಬಿಡಿಸಬೇಕೆಂದು ಹುಕುಂ ಆಯಿತು. ಕೊಂಡ್ಲಹಳ್ಳಿಯ ಕಡೆಯ ಬಯಲಿನಲ್ಲಿ ಒಂದಿಡೀ ಪೇಟೆ ಹಿಡಿಸುವಷ್ಟು ಗುಡಿಸಲುಗಳನ್ನು ಎಬ್ಬಿಸಬೇಕು, ಅದನ್ನು ಅಳೆದು ಕೊಡುವವನು ನಾನು. ಬಿದಿರು, ಚಾಪೆ ಚಳ್ಳಕೆರೆಯಿಂದ ಗಾಡಿಯಲ್ಲಿ ಬಂದವು. ಹೊದಿಕೆಯ ಹುಲ್ಲು ಕುದಾಪುರದ ಕಾವಲಿನಿಂದ ಬಂತು. ಅಪ್ಪಣೆ ಬಂದ ಎರಡೇ ವಾರದಲ್ಲಿ ಬರಿಯ ಬಯಲು ಊರಾಯಿತು. ಸಾಲುಗಳು ಎಷ್ಟು ನೆಟ್ಟಗಿದ್ದವೆಂದರೆ, ಈ ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಒಂದು ಕಂಬವೂ ಆಚೆ ಈಚೆ ಕಾಣುತ್ತಿರಲಿಲ್ಲ. ನಾನು ದಿನಕ್ಕೆ ನಾಲ್ಕು ಸಲ ಹಾಗೆ ಒಂದು ಕಣ್ಣು ಮುಚ್ಚಿ ನೋಡಿ ಮೀಸೆ ತಿರುವುತ್ತಿದ್ದೆ.

ಬೀದಿಗಳನ್ನು ಪೂರ್ವ ಪಶ್ಚಿಮಕ್ಕೆ ಹಾಕಬೇಕೆಂದು ತಾಲ್ಲೂಕಿನ ಅಮಲ್ದಾರರು ಹಟ ಹಿಡಿದಿದ್ದರು. ಆ ಸೀಮೆಯಲ್ಲಿ ಪಡುವಣ ಗಾಳಿ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಗಾಳಿಯ ಉದ್ದಕ್ಕೆ ಬೀದಿ ಇದ್ದರೆ ಕೆಟ್ಟ ಗಾಳಿ ಹೊರಟುಹೋಗುತ್ತದೆ, ಒಂದು ಒಲೆಯ ಕಿಡಿ ಹಾರಿದರೂ ಆ ಒಂದು ಸಾಲು ಸುಟ್ಟೀತೇ ಹೊರತು ಬೆಂಕಿ ಪಕ್ಕದ ಸಾಲಿಗೆ ಹಾರುವುದಿಲ್ಲ ಎಂದು ಅವರ ವಾದ. ವಾದವೇನೋ ಸರಿ. ಆದರೆ ಬೀದಿಯ ಎರಡೂ ಬದಿಗೆ ಎದುರುಬದುರು ಬಾಗಿಲಿಟ್ಟರೆ ಅರ್ಧ ಊರಿಗೆ ದಕ್ಷಿಣದ ಬಾಗಿಲಾಗುತ್ತದೆ, ಜನ ಒಪ್ಪುವುದಿಲ್ಲ ಎಂದು ನಾನು ಹೇಳಿದ್ದೆ. ಗುಡಿಸಲಿಗೆ ಎಂಥ ವಾಸ್ತುವಯ್ಯ, ನಾಲ್ಕು ದಿನದ ವಾಸ ಎಂದು ಅವರು ಕೈ ಕೊಡವಿದರು.

ನಾಲ್ಕು ದಿನದ ವಾಸವೇ ಇರಬಹುದು. ಆದರೆ ಆ ಜನ ಯಾವುದಕ್ಕೆ ಹೆದರಿ ಊರು ಬಿಟ್ಟಿದ್ದರು ಎಂಬುದನ್ನು ನಕಾಶೆ ಬರೆದವರು ಯೋಚಿಸಿರಲಿಲ್ಲ. ಡ್ರೆಸ್ಸರು ಹೋದ ಮೇಲೆ ನಾನು ಉರಿದುಕೊಂಡು ನೇಕಾರರ ಯಜಮಾನರ ಹತ್ತಿರ ಹೋಗಿ, ಯಾರನ್ನು ಕೇಳಿ ಬಾಗಿಲು ಮುಚ್ಚಿದಿರಿ ಎಂದು ಜಬರಿಸಿದೆ. ಅವರು ರೇಷ್ಮೆ ಎಳೆಗಳಿಗೆ ಗಂಟು ಹಾಕುವುದನ್ನು ನಿಲ್ಲಿಸದೆ, ತಲೆಯೆತ್ತದೆ ಹೇಳಿದರು:

"ಕೋಪ ಬ್ಯಾಡಿ ಸಾಮಿ. ಯಮನ ಕಣ್ಣು ತಪ್ಪಿಸಿ ಓಡಿ ಬಂದೀವಿ. ಅವನ ದಿಕ್ಕಿಗೇ ಬಾಗಿಲಿಟ್ಟು ಬಾರಪ್ಪ ಅಂತ ಕರೀಬೇಕಾ?"

ವಾದದಲ್ಲಿ ಸೋತರೆ ನನಗೆ ಸಿಟ್ಟು ಇನ್ನೂ ಹೆಚ್ಚುತ್ತದೆ. ಅದು ಹುಟ್ಟುಗುಣ.

ಬಾಗಿಲಿನ ಕತೆ ಹೀಗಾದರೆ ನಂಬರಿನದು ಇನ್ನೊಂದು. ಊರು ಬಿಟ್ಟು ಬಂದವರಿಗೆ ಬಂದ ಬಂದ ಹಾಗೆ ಗುಡಿಸಲು ಹಂಚಿದ್ದೆವು. ಅಣ್ಣ ಒಂದು ತುದಿಗೆ, ತಮ್ಮ ಇನ್ನೊಂದು ತುದಿಗೆ ಬಿದ್ದಿದ್ದರು. ಅವರೇನು ಸುಮ್ಮನಿರುತ್ತಾರೆಯೇ? ಪಕ್ಕದವರ ಜೊತೆ ಮಾತಾಡಿ ಗುಡಿಸಲು ಅದಲುಬದಲು ಮಾಡಿಕೊಂಡರು. ಅದನ್ನಾದರೂ ಸಹಿಸಬಹುದಿತ್ತು. ಹೋಗುವಾಗ ಪಾತ್ರೆ ಪಗಡೆಯ ಜೊತೆಗೆ ನಂಬರಿನ ಹಲಗೆಯನ್ನೂ ಬಿಚ್ಚಿಕೊಂಡು ಹೋದರು. ಸರ್ಕಾರದವರು ತಮ್ಮ ಹೆಸರಿಗೆ ಕೊಟ್ಟ ನಂಬರು, ಬೇರೆಯವರ ಮನೆ ಮೇಲೆ ಹೇಗೆ ಬಿಟ್ಟು ಹೋಗುವುದು ಎಂದು ಅವರ ಲೆಕ್ಕ. ಹೀಗಾಗಿ ಹನ್ನೊಂದರ ಪಕ್ಕ ಎಂಬತ್ತು, ಎಂಬತ್ತರ ಪಕ್ಕ ಮೂವತ್ತಾರು. ಒಂದು ಮನೆಯವರಂತೂ ಹಲಗೆಗೆ ಅರಿಶಿನ ಕುಂಕುಮ ಹಚ್ಚಿ ಒಳಗೆ ದೇವರ ಪಕ್ಕದಲ್ಲಿ ಇಟ್ಟಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನನ್ನ ಸಂಕಟಕ್ಕೆ ಇನ್ನೊಂದು ಕಾರಣವೂ ಇತ್ತು. ಅದೇ ಬಿಡಾರದಲ್ಲಿ ನನ್ನ ಅಕ್ಕ ಇದ್ದಳು. ಭಾವನಿಗೆ ಮೊಳಕಾಲ್ಮೂರು ಪೇಟೆಯಲ್ಲಿ ಸಣ್ಣ ಅಂಗಡಿ. ಅಕ್ಕನಿಗೆ ಆಗ ದಿನ ತುಂಬುತ್ತಿತ್ತು. ಅದಕ್ಕೆ ಮುಂಚೆ ಎರಡು ಸಲ ಕೂಸು ದಕ್ಕಿರಲಿಲ್ಲ. ಎರಡನೆಯ ಸಲ ಅಕ್ಕನೇ ಉಳಿಯುವುದಿಲ್ಲವೆಂದು ಎಲ್ಲರೂ ಕೈ ಚೆಲ್ಲಿದ್ದಾಗ ಊರಿನ ಸೂಲಗಿತ್ತಿ ಅಜ್ಜಿ ಬಂದು ಅವಳನ್ನು ಉಳಿಸಿದ್ದಳು. ಆ ಅಜ್ಜಿ ಬಂದಿದ್ದು ತಡವಾಗಿ. ಸ್ವಲ್ಪ ಮೊದಲೇ ಬಂದಿದ್ದರೆ ಕೂಸನ್ನೂ ಉಳಿಸುತ್ತಿದ್ದಳೆಂದು ಅಕ್ಕ ಇವತ್ತಿಗೂ ನಂಬಿದ್ದಾಳೆ. ಈಗ ಅಜ್ಜಿಯ ಗುಡಿಸಲು ಬಿಡಾರದ ದಕ್ಷಿಣದ ತುದಿಯಲ್ಲಿ, ಅಕ್ಕನದು ಉತ್ತರದ ಕಡೆ. ಅಜ್ಜಿಗೆ ಕಣ್ಣಿನಲ್ಲಿ ಪೊರೆ. ಪೇಟೆಯ ಓಣಿಗಳಲ್ಲಿ ಆಯುಷ್ಯವೆಲ್ಲ ಓಡಾಡಿದವಳು, ಅಲ್ಲಿ ಕಣ್ಣು ಕಟ್ಟಿ ಬಿಟ್ಟರೂ ಯಾವ ಮನೆಗಾದರೂ ಹೋಗುತ್ತಿದ್ದಳು. ಇಲ್ಲಿ ತನ್ನ ಗುಡಿಸಲಿನಿಂದ ನೀರಿನ ಪೀಪಾಯಿಯವರೆಗೆ ಹೋಗಿ ಬರಲು ಯಾರನ್ನಾದರೂ ಕೂಗಬೇಕಾಗಿತ್ತು.

ಯಜಮಾನರ ಮೇಲೆ ತೀರದ ಸಿಟ್ಟನ್ನು ತೀರಿಸಿಕೊಳ್ಳಲು ಅಕ್ಕನ ಮನೆಗೆ ಹೋದೆ. ಬೀದಿಗೆ ಹೋಗಿ ನಿಂತರೆ ಅಲ್ಲೂ ಗೋಡೆ. ಅಕ್ಕನ ಅತ್ತೆ ದಕ್ಷಿಣದ ಬಾಗಿಲನ್ನು ಎಲ್ಲರಿಗಿಂತ ಚೆಂದವಾಗಿ ಮುಚ್ಚಿ, ಮೇಲೆ ಸುಣ್ಣದ ಪಟ್ಟೆ ಬೇರೆ ಎಳೆದಿದ್ದರು. ನಾನು ಸಂದಿಯಲ್ಲಿ ನುಸುಳಿ ಹೋಗಿ, ನನ್ನ ಮಾನ ನನ್ನ ಮನೆಯವರೇ ಕಳೆದರೆ ಹೇಗೆ, ಬರುವ ತಿಂಗಳು ಅಮಲ್ದಾರರು ತನಿಖೆಗೆ ಬರುತ್ತಾರೆ, ಜವಾನರನ್ನು ಕರೆಸಿ ಎಲ್ಲರ ಬಾಗಿಲನ್ನೂ ಒಡೆಸಿ ನಕಾಶೆಯಲ್ಲಿ ಇದ್ದ ಹಾಗೆ ಮಾಡಿಸುತ್ತೇನೆ ಎಂದು ಹಾರಾಡಿದೆ. ಅಕ್ಕ ಚಾಪೆಯ ಮೇಲೆ ಬೆನ್ನಿಗೆ ಬಟ್ಟೆಯ ಗಂಟು ಕೊಟ್ಟುಕೊಂಡು ಕೂತಿದ್ದಳು. ನಾನು ಮುಗಿಸಿದ ಮೇಲೆ ಹೇಳಿದಳು:

"ಒಡಸು. ಆ ಬಾಗ್ಲಾಗೆ ನಾನು ಕೂಸು ಹೆರಲ್ಲ. ಈ ಬಾಗ್ಲಿಗೆ ಅಜ್ಜಿ ಬರಾಕ್ಕೆ ದಾರಿ ಇಲ್ಲ. ನಾನೇನ್ ಮಾಡ್ಲಿ ಹೇಳು."

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ಸಮಾಧಾನ ಹೇಳಿ ಎದ್ದು ಬರುತ್ತಿದ್ದೆ. ಎದ್ದು ಬಂದು ಬಯಲಿನಲ್ಲಿ ಒಂದು ಕಲ್ಲಿನ ಮೇಲೆ ಕೂತೆ.

ಕೂತು ನೋಡುತ್ತಾ ನೋಡುತ್ತಾ ನನಗೆ ಒಂದು ವಿಷಯ ಹೊಳೆಯಿತು. ಜನ ಬಾಗಿಲುಗಳನ್ನು ಮನಬಂದಂತೆ ಮಾಡಿಕೊಂಡಿರಲಿಲ್ಲ. ದಕ್ಷಿಣಕ್ಕಿದ್ದವರು ಮಾತ್ರ ತಿರುಗಿಸಿಕೊಂಡಿದ್ದರು, ತಿರುಗಿಸಿದವರೆಲ್ಲ ಉತ್ತರಕ್ಕೇ ತಿರುಗಿಸಿದ್ದರು. ಈಗ ಇಡೀ ಬಿಡಾರದ ಬಾಗಿಲುಗಳೆಲ್ಲ ಒಂದೇ ದಿಕ್ಕು ನೋಡುತ್ತಿದ್ದವು. ಹಾಗಾದರೆ ಕೆಟ್ಟಿದ್ದು ಅಂತರ ಮಾತ್ರ. ಅರ್ಧ ಜನರ ಬಾಗಿಲಿನ ಮುಂದೆ ಗಾಡಿ ಹೋಗುವಷ್ಟು ಅಗಲದ ಬೀದಿ, ಇನ್ನರ್ಧ ಜನರ ಮುಂದೆ ಮೇಕೆ ಹೋಗುವಷ್ಟು ಸಂದಿ. ಒಂದು ಬಿಟ್ಟು ಒಂದು ಸಾಲನ್ನು ಬೀದಿಯ ಕಡೆಗೆ ಸ್ವಲ್ಪ ಸರಿಸಿದರೆ ಸಂದಿ ಅಗಲವಾಗುತ್ತದೆ, ಬೀದಿ ಕಿರಿದಾಗುತ್ತದೆ, ಎರಡೂ ಸಮವಾಗುತ್ತವೆ. ಪ್ರತಿ ಸಾಲಿಗೂ ಅದರದೇ ಬೀದಿ. ಗಾಳಿಯ ಉದ್ದಕ್ಕೆ ಬೀದಿ ಇರಬೇಕೆಂಬ ಅಮಲ್ದಾರರ ಮಾತೂ ಉಳಿಯುತ್ತದೆ. ಬಾಗಿಲು ಒಡೆಸುವ ಬದಲು ಬೀದಿಯನ್ನೇ ಬಾಗಿಲಿನ ಮುಂದಕ್ಕೆ ತರುವುದು. ಮಂಜೂರಾದ ನಕಾಶೆಯನ್ನು ಅಪ್ಪಣೆಯಿಲ್ಲದೆ ತಿದ್ದಿದರೆ ಕೆಲಸ ಹೋಗಬಹುದು ಎಂಬುದು ಗೊತ್ತಿತ್ತು. ಅಪ್ಪಣೆ ಕೇಳಿ ಬರೆದರೆ ಉತ್ತರ ಬರುವ ಹೊತ್ತಿಗೆ ಅಕ್ಕನ ದಿನ ಕಳೆದಿರುತ್ತದೆ ಎಂಬುದೂ ಗೊತ್ತಿತ್ತು. ಮಾಡಿಯೇ ಬಿಡುವುದು ಎಂದು ಎದ್ದೆ.

ಗುಡಿಸಲನ್ನು ಇದ್ದ ಹಾಗೆಯೇ ಎತ್ತಿಡುವುದು ಹೇಳಿದಷ್ಟು ಸುಲಭವಲ್ಲ. ಮೊದಲು ಸುತ್ತಲಿನ ಚಾಪೆಗಳನ್ನು ಬಿಚ್ಚಿ ಸುತ್ತಿಡಬೇಕು. ಕಂಬಗಳ ಬುಡಕ್ಕೆ ನೀರು ಹೊಯ್ದು ಮಣ್ಣು ಸಡಿಲಿಸಬೇಕು. ಅಡ್ಡತೊಲೆಯ ಕೆಳಗೆ ಎರಡು ಉದ್ದನೆಯ ಬೊಂಬು ತೂರಿಸಿ, ಎರಡೂ ಕಡೆ ಗಂಡಸರು ಹೆಗಲು ಕೊಟ್ಟು ಒಂದೇ ಸಲ ಏಳಬೇಕು. ಮುಂದೆ ಮೊದಲೇ ತೋಡಿಟ್ಟ ಗುಂಡಿಗಳಿಗೆ ಕಂಬಗಳನ್ನು ಇಳಿಸಬೇಕು. ಮೊದಲನೆಯದನ್ನು ಮಧ್ಯಾಹ್ನ ಎತ್ತಿಸಿದೆ. ಬುದ್ಧಿಯಿದ್ದವನು ಮಾಡುವ ಕೆಲಸವಲ್ಲ. ಗಾಳಿ ಚಾವಣಿಯ ಕೆಳಗೆ ಹೊಕ್ಕಿದ್ದೇ ತಡ, ಗುಡಿಸಲು ಹೊತ್ತವರನ್ನೇ ಎಳೆದುಕೊಂಡು ಹೊರಟಿತು. ಹೊತ್ತವರು ಕೂಗಾಡುತ್ತಾ ಅದರ ಹಿಂದೆ ಓಡಿ, ನಾಲ್ಕು ಮನೆ ಆಚೆ ಒಬ್ಬರ ಹಿತ್ತಲಿಗೆ ಇಳಿಸಿದರು. ಆ ಮನೆಯವಳು ಸೊಂಟದ ಮೇಲೆ ಕೈಯಿಟ್ಟು, ನೆಂಟರು ಮನೆ ಸಮೇತ ಬಂದರಲ್ಲ ಎಂದಳು. ಅವತ್ತಿನಿಂದ ಗಾಳಿ ಏಳುವ ಮುಂಚೆ, ಬೆಳಗಿನ ಹೊತ್ತಿನಲ್ಲೇ ಕೆಲಸ ಮುಗಿಸುತ್ತಿದ್ದೆವು.

ಜನ ಒಪ್ಪುತ್ತಾರೋ ಇಲ್ಲವೋ ಎಂದು ನಾನು ಹೆದರಿದ್ದೆ. ಬಾಗಿಲು ಒಡೆಯುವುದಿಲ್ಲ ಎಂದು ಗೊತ್ತಾದ ಮೇಲೆ ಅವರೇ ಮುಂದೆ ಬಿದ್ದರು. ಒಂದು ಸಾಲಿನವರು ಇನ್ನೊಂದು ಸಾಲಿಗೆ ಹೆಗಲು ಕೊಟ್ಟರು. ನಾಯಕನಹಟ್ಟಿಯ ಕಡೆಯಿಂದ ಹುಲ್ಲು ತಂದಿದ್ದ ಗಾಡಿಯವರು ಕೂಡ ಎತ್ತು ಬಿಚ್ಚಿ ಕಟ್ಟಿ ಕೈಜೋಡಿಸಿದರು. ನೇಕಾರರ ಸಾಲಿಗೆ ಬಂದಾಗ ಮಾತ್ರ ಕೆಲಸ ನಿಂತಿತು. ಅವರು ಆಗಲೇ ಗುಡಿಸಲಿನೊಳಗೆ ಗುಂಡಿ ತೋಡಿ ಮಗ್ಗ ಹೂಡಿದ್ದರು. ಸೀರೆ ಅರ್ಧ ನೆಯ್ದಿತ್ತು. ಗುಡಿಸಲನ್ನು ಎತ್ತಬಹುದು, ಗುಂಡಿಯನ್ನು ಎತ್ತುವುದು ಹೇಗೆ? ಮಗ್ಗ ಬಿಚ್ಚಿದರೆ ಹಾಸಿನ ಎಳೆ ಕೆಡುತ್ತದೆ, ತಿಂಗಳ ದುಡಿಮೆ ಮಣ್ಣುಪಾಲು. ಯಜಮಾನರು ಮಗ್ಗದ ಮೇಲೆ ಅಂಗೈಯಿಟ್ಟುಕೊಂಡು ನನ್ನ ಮುಖ ನೋಡಿದರು. ಒಂದು ಬೆಳಗ್ಗೆಯೆಲ್ಲ ಹಗ್ಗ ಹಿಡಿದು ಅಳೆದೆ. ಕೊನೆಗೆ ಅವರ ಸಾಲನ್ನು ಹಾಗೆಯೇ ಬಿಟ್ಟು, ಅವರ ಬಾಗಿಲಿನ ಎದುರಿಗೆ ಬೆನ್ನು ಮಾಡಿದ್ದ ಆಚೆಯ ಸಾಲನ್ನು ಅಷ್ಟೇ ಅಂತರ ಉತ್ತರಕ್ಕೆ ಸರಿಸಿದೆ. ಅಂತರವೂ ಸಿಕ್ಕಿತು, ಮಗ್ಗವೂ ಉಳಿಯಿತು. ಯಜಮಾನರು ಅವತ್ತು ನನಗೆ ಬೆಲ್ಲದ ಪಾನಕ ಕುಡಿಸಿದರು.

ಬೀದಿಗಳಾದವು. ಆದರೆ ಎಲ್ಲ ಬೀದಿಗಳೂ ಒಂದೇ ತರ ಕಾಣುತ್ತಿದ್ದವು. ಒಂದರೊಳಗೆ ಹೊಕ್ಕವನಿಗೆ ತಾನು ಯಾವುದರೊಳಗೆ ಇದ್ದೇನೆ ಎಂದು ತಿಳಿಯದು. ನಂಬರಿನ ಸಹವಾಸ ನನಗೆ ಸಾಕಾಗಿತ್ತು. ಬೀದಿ ಸಿಕ್ಕರೆ ಸಾಕು, ಒಳಗೆ ಹೋಗಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಅದಕ್ಕೆ ಬೀದಿಗೊಂದು ಬಣ್ಣದ ಬಾವುಟ ಕಟ್ಟುವುದೆಂದು ಯಜಮಾನರನ್ನು ಕೇಳಿಕೊಂಡೆ. ರೇಷ್ಮೆಗೆ ಬಣ್ಣ ಹಾಕಿ ಉಳಿದ ನೀರಿನಲ್ಲಿ ಹಳೆಯ ಪಂಚೆಗಳನ್ನು ಅದ್ದಿ ಕೆಂಪು, ಹಸಿರು, ನೀಲಿ, ನೇರಳೆ ಮಾಡಿಕೊಟ್ಟರು. ಅಕ್ಕನ ಬೀದಿಗೆ ಹಳದಿ ಬಿತ್ತು. ಕೊನೆಯ ಒಂದು ಬೀದಿಗೆ ಬಣ್ಣವೇ ಉಳಿಯದೆ ಬಿಳಿಯ ಬಾವುಟ ಏರಿಸಿದೆ. ಬೀದಿಯ ಹೆಂಗಸರೆಲ್ಲ ಒಟ್ಟಾಗಿ ಬಂದು, ನಮ್ಮನ್ನು ಈಗಲೇ ಹೊದಿಸಿ ಕಳಿಸುತ್ತೀಯೇನಪ್ಪ ಎಂದು ನನ್ನ ಮುಖಕ್ಕೆ ಮಂಗಳಾರತಿ ಎತ್ತಿದರು. ಇಳಿಸಿ, ಅರ್ಧ ಕೆಂಪು ಅರ್ಧ ಹಸಿರು ಹೊಲಿಸಿ ಏರಿಸಿದ ಮೇಲೆ ಸಮಾಧಾನವಾಯಿತು. ಬೊಂಬಿನ ತುದಿಯಲ್ಲಿ ಬಾವುಟಗಳು ಚಾವಣಿಗಳ ಮೇಲೆ ಪಟಪಟ ಎನ್ನುವುದನ್ನು ಬಯಲಿನ ಆಚೆಯಿಂದ ನೋಡಿ ಖುಷಿಯಲ್ಲಿ ಮತ್ತೆ ಮೀಸೆ ತಿರುವಿದೆ. ಡ್ರೆಸ್ಸರು ಬಂದು, ನೇರವಾಗಿ ನೇರಳೆ ಬೀದಿಗೆ ಹೋಗಿ ಒಬ್ಬರ ಹುಣ್ಣು ತೊಳೆದು ಕಟ್ಟಿ, ಯಾರನ್ನೂ ಬೈಯದೆ ತಿರುಗಿ ಹೋದರು.

ಈ ಸಂತೋಷವನ್ನು ಹೊತ್ತುಕೊಂಡು ಸೂಲಗಿತ್ತಿ ಅಜ್ಜಿಯ ಹತ್ತಿರ ಹೋದೆ. ಅಕ್ಕನದು ಹಳದಿ ಬಾವುಟದ ಬೀದಿ, ಇನ್ನು ಯಾರನ್ನೂ ಕೂಗಬೇಕಾಗಿಲ್ಲ ಎಂದೆ. ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಕುಟ್ಟುವುದನ್ನು ಬಿಟ್ಟು ನಕ್ಕಳು.

"ನನ್ ಕಣ್ಣಿಗೆ ಕೆಂಪೂ ಒಂದೇ ಹಳದೀನೂ ಒಂದೇ ಕಣೋ ತಮ್ಮಾ. ಯಾರಿಗೆ ಕಟ್ಟಿದ್ಯೋ ಅವರಿಗೆ ತೋರಿಸು."

ನನ್ನ ಮುಖ ಎಷ್ಟು ಬಾಡಿತೋ ನನಗೆ ತಿಳಿಯದು. ಯಾರೊಬ್ಬರಿಗಾಗಿ ಇಷ್ಟೆಲ್ಲ ಹೊತ್ತು ಸರಿಸಿದೆನೋ ಅವಳೊಬ್ಬಳಿಗೇ ಇದು ಕೆಲಸಕ್ಕೆ ಬಾರದು. ಅಕ್ಕನ ಬೀದಿಗೇ ಬಂದು ಇರು ಎಂದು ಬೇಡಿಕೊಂಡೆ. ತನ್ನ ಕೇರಿಯಲ್ಲಿ ಇನ್ನೂ ಇಬ್ಬರು ಬಸುರಿಯರು ಇದ್ದಾರೆ, ಅವರೇನು ಕೆರೆಗೆ ಬೀಳಬೇಕೇ ಎಂದು ಅವಳು ಕೇಳಿದಳು. ಹಾಗಾದರೆ ದಾರಿಯನ್ನಾದರೂ ರೂಢಿ ಮಾಡಿಕೋ ಎಂದು, ಸಂಜೆ ಸಂಜೆ ಅವಳ ಕೋಲು ಹಿಡಿದು ಪೂರ್ವದ ಅಂಚಿನ ದಾರಿಯಲ್ಲಿ ಉತ್ತರಕ್ಕೆ ನಡೆಸಿಕೊಂಡು ಹೋಗತೊಡಗಿದೆ. ನಾನು ಇಲ್ಲಿ ಕಲ್ಲು, ಇಲ್ಲಿ ಪೀಪಾಯಿ ಎಂದು ಗುರುತು ಹೇಳುತ್ತಿದ್ದೆ. ಅವಳು ಹೂಂ ಅನ್ನುತ್ತಿದ್ದಳೇ ಹೊರತು ಕೇಳುತ್ತಿದ್ದ ಹಾಗೆ ಕಾಣಲಿಲ್ಲ. ಮೂರನೆಯ ಸಂಜೆ ತಲೆಯ ಮೇಲಿನ ಸೆರಗನ್ನು ಎಡಗಿವಿಯ ಹಿಂದಕ್ಕೆ ಸರಿಸಿಕೊಂಡು, ನೀನು ಸುಮ್ಮನೆ ಬಾ ಎಂದಳು. ಮಾರನೆಯ ದಿನ ಇನ್ನು ಬರಬೇಡ ಎಂದುಬಿಟ್ಟಳು. ಬೇಜಾರಾಗಿದೆ ಎಂದುಕೊಂಡೆ.

ಅಮಲ್ದಾರರು ತನಿಖೆಗೆ ಬಂದದ್ದು ಆಷಾಢದ ಗಾಳಿ ಪೂರಾ ತಿರುಗಿಕೊಂಡಿದ್ದ ಒಂದು ದಿನ. ಕುದುರೆ ಇಳಿದವರು ಮೊದಲ ಬೀದಿಯನ್ನು ನೋಡಿದರು, ಎರಡನೆಯದನ್ನು ನೋಡಿದರು, ನನ್ನನ್ನು ನೋಡಿದರು. ನಕಾಶೆಯಲ್ಲಿ ಇಲ್ಲದ ಬೀದಿ ಇಲ್ಲಿಗೆ ಹೇಗೆ ಬಂತು ಎಂದು ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರ ಮುಖ ಬಿಗಿಯಿತು. ಅಪ್ಪಣೆಯಿಲ್ಲದೆ ಸರ್ಕಾರಿ ಕೆಲಸ ತಿದ್ದಿದವನನ್ನು ಏನು ಮಾಡಬೇಕೆಂದು ಗೊತ್ತೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೂರ್ವದ ಅಂಚಿನ ದಾರಿಯಲ್ಲಿ ಮುಂದೆ ನಡೆದರು. ನಾನು ಹಿಂದೆ ಹಿಂದೆ ನಡೆದೆ.

ಅಕ್ಕನ ಬೀದಿಯ ಹತ್ತಿರ ಬರುವಾಗ ಭಾವ ಓಡೋಡಿ ಬಂದ. ಅಕ್ಕನಿಗೆ ನೋವು ಶುರುವಾಗಿದೆ, ಅಜ್ಜಿಗೆ ಹೇಳಿ ಬಂದೆ, ನೀನು ಹೋಗಿ ನೀರು ಕಾಯಿಸು, ನಾನು ಚೀಲ ತಗೊಂಡು ಬರ್ತೀನಿ ಅಂತ ಅಜ್ಜಿಯೇ ನನ್ನನ್ನು ಅಟ್ಟಿದಳು ಎಂದು ಏದುಸಿರಿನಲ್ಲಿ ಹೇಳಿ ಮನೆಯ ಕಡೆ ಓಡಿದ. ಅವನು ಬೀದಿಗೆ ಹೊಕ್ಕಿದ್ದಾನೋ ಇಲ್ಲವೋ, ಪಡುವಣ ದಿಕ್ಕು ಕೆಂಪಗಾಯಿತು. ಬಯಲಿನ ಧೂಳನ್ನೆಲ್ಲ ಬಾಚಿಕೊಂಡು ಗಾಳಿ ನಮ್ಮ ಮೇಲೆ ಬಿತ್ತು. ಅಮಲ್ದಾರರು ನಾನು ಇಬ್ಬರೂ ಒಂದು ಸಾಲಿನ ಕೊನೆಯ ಗುಡಿಸಲಿನ ಮರೆಗೆ ನುಗ್ಗಿದೆವು. ಬಾವುಟವಿರಲಿ, ಅದನ್ನು ಕಟ್ಟಿದ ಬೊಂಬೂ ಕಾಣುತ್ತಿರಲಿಲ್ಲ. ಚಾಚಿದ ಕೈ ಮಬ್ಬಾಗಿತ್ತು.

ಸ್ವಾಮಿ, ಒಳಗೆ ನೋವು ತಿನ್ನುತ್ತಿರುವವಳು ನನ್ನ ಅಕ್ಕ, ಬರಬೇಕಾದ ಮುದುಕಿಗೆ ಕಣ್ಣು ಕಾಣುವುದಿಲ್ಲ, ನನ್ನ ಕೆಲಸವನ್ನು ಆಮೇಲೆ ತೆಗೆಯಿರಿ, ಈಗ ಹೋಗಲು ಬಿಡಿ ಎಂದು ಕೂಗಿ ಹೇಳಿದೆ. ಹೋಗು ಎಂದು ಅವರೂ ಕೂಗಿದರು. ಹತ್ತು ಹೆಜ್ಜೆ ಹೋಗುವುದರೊಳಗೆ ನನಗೇ ದಿಕ್ಕು ತಪ್ಪಿತು. ನಾನೇ ಹಗ್ಗ ಹಿಡಿದು ಅಳೆದ ನೆಲದ ಮೇಲೆ, ನಾನೇ ನೆಡಿಸಿದ ಕಂಬಕ್ಕೆ ಹಣೆ ಹೊಡೆದುಕೊಂಡೆ. ಅಜ್ಜೀ ಎಂದು ಕೂಗಿದರೆ ಬಾಯಿತುಂಬ ಮಣ್ಣು. ಎರಡು ಸಲ ಆದದ್ದು ಮೂರನೆಯ ಸಲವೂ ಆಗುತ್ತದೆ ಎಂದು ಮನಸ್ಸು ಹೇಳತೊಡಗಿತು. ಅಮಲ್ದಾರರೇ ನನ್ನ ತೋಳು ಹಿಡಿದು ಮರೆಗೆ ಎಳೆದುಕೊಂಡರು.

ಆಗ ಧೂಳಿನೊಳಗಿನಿಂದ ಕೋಲು ಊರುವ ಸದ್ದು ಬಂತು. ಸೆರಗನ್ನು ಮೂಗು ಬಾಯಿಗೆ ಸುತ್ತಿ, ಎಡಗಿವಿ ಮಾತ್ರ ಬಿಟ್ಟುಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಅಜ್ಜಿ ನಡೆದು ಬರುತ್ತಿದ್ದಳು. ನಮ್ಮ ಮರೆಯನ್ನು ದಾಟಿ, ಬೀದಿಯ ಬಾಯಿಗೆ ಬಂದು ಗಾಳಿ ಕೆನ್ನೆಗೆ ಹೊಡೆದ ಕೂಡಲೇ ನಿಂತು, "ಏಳು" ಎಂದಳು. ಎಡಕ್ಕೆ ತಿರುಗಿದಳು. ಗಾಳಿಗೆ ಎದೆಕೊಟ್ಟು, ಎಡಗೈಯನ್ನು ಗುಡಿಸಲಿನ ಚಾಪೆಯ ಮೇಲೆ ಆಡಿಸುತ್ತಾ ಒಂದು ಬಾಗಿಲು ದಾಟಿದಳು, ಇನ್ನೊಂದು ದಾಟಿದಳು, ಮೂರನೆಯದರಲ್ಲಿ ಬಗ್ಗಿ ಒಳಗೆ ಹೋದಳು.

ಗಾಳಿ ಇಳಿಯುವವರೆಗೂ ಅಮಲ್ದಾರರು ಕದಲಲಿಲ್ಲ. ಇಳಿದ ಮೇಲೂ ಹೋಗಲಿಲ್ಲ. ಭಾವ ತಂದಿಟ್ಟ ಒಂದು ಗೋಣಿಚೀಲದ ಮೇಲೆ ಕೂತು, ಪೇಟ ಬಿಚ್ಚಿ ಧೂಳು ಕೊಡವಿಕೊಳ್ಳುತ್ತಿದ್ದರು. ನಾನು ಕೂರಲೂ ಆರದೆ ನಿಲ್ಲಲೂ ಆರದೆ ಒದ್ದಾಡುತ್ತಿದ್ದೆ. ಒಳಗೆ ಅಜ್ಜಿಯ ಗದರಿಕೆ, ಅಕ್ಕನ ನರಳಾಟ, ಮತ್ತೆ ಗದರಿಕೆ. ಆಮೇಲೆ ಒಂದು ಗಳಿಗೆ ಏನೂ ಕೇಳಿಸಲಿಲ್ಲ. ಆ ಗಳಿಗೆ ನನ್ನ ಆಯುಷ್ಯದಲ್ಲೇ ಉದ್ದವಾದದ್ದು. ಆಮೇಲೆ ಕೂಸು ಅತ್ತಿತು. ಭಾವ ಗೋಡೆಗೆ ಮುಖ ಮಾಡಿಕೊಂಡು ಅತ್ತ. ನಾನೂ ಅತ್ತೆ, ಅಮಲ್ದಾರರ ಎದುರಿಗೇ.

ಸಂಜೆ ಅಜ್ಜಿ ಹೊರಗೆ ಬಂದು, ಹೆಣ್ಣು ಕೂಸು, ಹೊಕ್ಕುಳ ಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು, ಬಿಡಿಸಿದೆ, ಇಬ್ಬರೂ ಚೆನ್ನಾಗಿದ್ದಾರೆ ಎಂದಳು. ಅಮಲ್ದಾರರು ಎದ್ದು ನಿಂತು, ಇಷ್ಟು ಧೂಳಿನಲ್ಲಿ ದಾರಿ ಹೇಗೆ ಸಿಕ್ಕಿತಮ್ಮ ಎಂದು ಕೇಳಿದರು.

"ಗುಡ್ಲು ಅಡ್ಡ ಇರಾಗಂಟ ಗಾಳಿ ಇರಲ್ಲ ಸಾಮಿ. ಬೀದಿ ಬಂದ್ರೆ ಕೆನ್ನೆಗೆ ಬಡೀತೈತೆ. ಒಂದ್ಸಲ ಬಡಿದ್ರೆ ಒಂದು ಬೀದಿ. ಮೊದಲು ಸಂದ್ಯಾಗೆ ಸೌದೆ ಮೇಕೆ ತುಂಬಿ ಗಾಳಿನೇ ಬರ್ತಿರ್ಲಿಲ್ಲ. ಈಗ ಎಲ್ಲಾ ಒಂದೇ ಸಮ ಬಡೀತೈತೆ. ಬಾಗ್ಲೂ ಎಲ್ಲಾ ಎಡಗೈಗೇ ಸಿಗ್ತಾವೆ."

ಅಮಲ್ದಾರರು ಬೀದಿಯ ಉದ್ದಕ್ಕೂ ಒಮ್ಮೆ ನೋಡಿದರು. ಗಾಳಿಯ ಉದ್ದಕ್ಕೆ ಬೀದಿ ಹಾಕಿಸಿದವರು ಅವರು. ಬಾಗಿಲುಗಳನ್ನು ಒಂದೇ ಕಡೆಗೆ ತಿರುಗಿಸಿದವರು ಜನ. ನಡುವೆ ಅಂತರ ಸಮ ಮಾಡಿದವನು ನಾನು. ಕುದುರೆ ಹತ್ತುವಾಗ, ಈಗ ಇರುವ ಹಾಗೆ ಹೊಸ ನಕಾಶೆ ಬರೆದು ಕಳಿಸು, ಚಳ್ಳಕೆರೆ ಕಡೆ ಬಿಡಾರ ಹಾಕುವಾಗ ಬೇಕಾಗುತ್ತದೆ, ನಾನು ರುಜು ಹಾಕುತ್ತೇನೆ ಎಂದಷ್ಟೇ ಹೇಳಿದರು.

ಸಂಕ್ರಾಂತಿ ಕಳೆದ ಮೇಲೆ ಬಿಡಾರ ತೆರವಾಯಿತು. ಮನೆಗಳಿಗೆ ಸುಣ್ಣ ಹೊಡೆದು, ಹೆಂಚು ತೆಗೆದು ಬಿಸಿಲು ಬೀಳಿಸಿ, ಜನ ಮತ್ತೆ ತಮ್ಮ ತಮ್ಮ ಬಾಗಿಲು ಸೇರಿದರು. ನಾನು ಬಿದಿರು ಬಿಚ್ಚಿಸಿ, ಬಾವುಟಗಳನ್ನು ಇಳಿಸಿ ಮಡಿಸುವಾಗ ಹಳದಿ ಬಾವುಟ ಕಾಣಲಿಲ್ಲ. ಗಾಳಿಗೆ ಹರಿದುಹೋಗಿರಬೇಕೆಂದು ಬಿಟ್ಟೆ. ಚಳ್ಳಕೆರೆಗೆ ಹೊರಡುವ ಮುಂಚೆ ಅಕ್ಕನಿಗೆ ಹೇಳಿ ಹೋಗೋಣವೆಂದು ಪೇಟೆಗೆ ಹೋದರೆ, ಅಜ್ಜಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಎಣ್ಣೆ ನೀರು ಹಾಕಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಕೂಸಿನ ತಲೆಗೆ ಹೊಸ ಕುಲಾವಿ. ಅಕ್ಕ ನನ್ನನ್ನು ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಅಜ್ಜಿ ಕುಲಾವಿಯ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಇದು ಯಾವ ಬಣ್ಣವೆಂದು ನನ್ನನ್ನು ಕೇಳಿದಳು. ಹಳದಿ ಎಂದೆ.

"ಹಂಗಾದ್ರೆ ನಿನ್ ಬಾವುಟ ಒಂದಾದ್ರೂ ಕೆಲಸಕ್ಕೆ ಬಂತು ಬಿಡು, ತಮ್ಮಾ" ಎಂದಳು ಅಜ್ಜಿ.